16 ಗಂಟೆಯ ಲೆಕ್ಕ

ಡಲ್ಲಾಸ್, ಆಸ್ಟಿನ್, ಹ್ಯೂಸ್ಟನ್ ಸುತ್ತಮುತ್ತಲ ಕನ್ನಡದ ಮನೆಗಳಲ್ಲಿ ಹೈಸ್ಕೂಲ್ ಮಕ್ಕಳ ಕೋರ್ಸ್ ಆಯ್ಕೆಯ ಕಾಲ ಬಂತೆಂದರೆ ಒಂದೇ ಬಗೆಯ ಮಾತು ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ. ಮಗಳು "ಅಮ್ಮಾ, ನಾನು ಟೀಚರ್ ಆಗಬೇಕು ಅಂತಿದ್ದೀನಿ, ಸ್ಕೂಲಲ್ಲೇ ಅದಕ್ಕೊಂದು ಡ್ಯುಯಲ್ ಕ್ರೆಡಿಟ್ ಕೋರ್ಸ್ ಇದೆ" ಎನ್ನುತ್ತಾಳೆ. ಒಂದೇ ಓದು ಹೈಸ್ಕೂಲಿಗೂ ಕಾಲೇಜಿಗೂ ಲೆಕ್ಕಕ್ಕೆ ಬರುವ ಕೋರ್ಸ್ ಅದು. ಮನೆಯವರು ಮೊದಲು ಕೇಳುವುದು "ಎಷ್ಟು ಕ್ರೆಡಿಟ್ ಬರುತ್ತೆ?" ಆಮೇಲೆ "ಯಾವ ಯೂನಿವರ್ಸಿಟಿ ತಗೊಳ್ಳುತ್ತೆ?" ಎರಡೂ ಕೇಳಲೇಬೇಕಾದ ಪ್ರಶ್ನೆಗಳು. ಮೂರನೆಯದೊಂದು ಇದೆ, ಅದು ಮಾತ್ರ ಬಾಯಿಗೇ ಬರುವುದಿಲ್ಲ: ಆ 16 ಗಂಟೆ ಎಲ್ಲಿ, ಯಾರ ತರಗತಿಯಲ್ಲಿ?

ಟೆಕ್ಸಸ್‌ನ ಸಮುದಾಯ ಕಾಲೇಜುಗಳೆಲ್ಲಕ್ಕೂ ಸಮಾನವಾದ ಕೋರ್ಸ್ ಕೈಪಿಡಿ ಒಂದಿದೆ. ಅದರಲ್ಲಿ ಶಿಕ್ಷಕ ವೃತ್ತಿಯನ್ನು ಪರಿಚಯಿಸುವ ಎಜುಕ್ 1301 ಎಂಬ ಕೋರ್ಸಿನ ವಿವರಣೆಯ ಕೊನೆಗೆ ಒಂದು ಸಾಲು ಬರುತ್ತದೆ: ಶಾಲಾ ತರಗತಿಗಳಲ್ಲಿ ಕನಿಷ್ಠ 16 ಗಂಟೆಯ ಕ್ಷೇತ್ರಾನುಭವ ಕಡ್ಡಾಯ. ಪದವಿಗೆ ಬೇಕಾದ 120 ಕ್ರೆಡಿಟ್‌ಗಳಲ್ಲಿ ಈ ಕೋರ್ಸಿನಿಂದ ಬರುವುದು 3. ಆ 3 ಕ್ರೆಡಿಟನ್ನು ಕಾಲೇಜಿಗೆ ಹೋದ ಮೇಲೆ ಯಾವ ಸೆಮಿಸ್ಟರಿನಲ್ಲಾದರೂ ಗಳಿಸಬಹುದು. ಆದರೆ 17ನೇ ವಯಸ್ಸಿಗೇ ಒಂದನೇ ತರಗತಿಯ ಮಗುವಿನ ಪಕ್ಕ ಮಂಡಿಯೂರಿ ಕೂತು, ಆ ಮಗು ಲೆಕ್ಕ ಮಾಡುವುದನ್ನು ಬಾಯಿ ಮುಚ್ಚಿಕೊಂಡು ನೋಡುವ ಅವಕಾಶವನ್ನು ಹಾಗೆ ಮುಂದೂಡಲಾಗದು. ಟೀಚರ್ ಆಗಬೇಕೋ ಬೇಡವೋ ಎಂಬುದು ತೀರ್ಮಾನವಾಗುವುದು ಅಲ್ಲೇ. ಬೇಡ ಎಂದು ತೀರ್ಮಾನವಾದರೂ ಅದು ಲಾಭವೇ, ಮೂರನೇ ವರ್ಷದ ಪದವಿಯಲ್ಲಿ ಗೊತ್ತಾಗಬೇಕಿದ್ದದ್ದು ಮೊದಲೇ ಗೊತ್ತಾಯಿತು.

ದಕ್ಷಿಣ ಕ್ಯಾರೊಲಿನಾದ ಒಂದು ಸೆಂಟು

ಈ ಬಗೆಯ ಕೋರ್ಸುಗಳ ಹಿರಿಯಕ್ಕ ದಕ್ಷಿಣ ಕ್ಯಾರೊಲಿನಾದ ಟೀಚರ್ ಕೆಡೆಟ್ ಕಾರ್ಯಕ್ರಮ. 1984ರಲ್ಲಿ ಆ ರಾಜ್ಯ ಶಿಕ್ಷಣ ಸುಧಾರಣಾ ಕಾಯ್ದೆ ತಂದು, ಮಾರಾಟ ತೆರಿಗೆಗೆ ಡಾಲರಿಗೆ ಒಂದು ಸೆಂಟು ಸೇರಿಸಿ, ಆ ಹಣವನ್ನು ಶಾಲೆಗಳಿಗೆಂದೇ ಎತ್ತಿಟ್ಟಿತು. ಮರುವರ್ಷ ರಾಕ್ ಹಿಲ್‌ನ ವಿನ್‌ಥ್ರಾಪ್ ಕಾಲೇಜಿನಲ್ಲಿ ಶಿಕ್ಷಕರನ್ನು ಹುಡುಕಿ ಕರೆತರುವ ಕೇಂದ್ರವೊಂದು ಶುರುವಾಯಿತು. ಇಂದು ಅದನ್ನು ಸೆರ್ರಾ ಎನ್ನುತ್ತಾರೆ. ಕೆಡೆಟ್ ಕಾರ್ಯಕ್ರಮ ನಡೆಯುವುದು ಅದರ ಕೈಯಲ್ಲೇ. ಹೈಸ್ಕೂಲಿನ ಕೊನೆಯ ಎರಡು ವರ್ಷದವರಿಗೆ ಆನರ್ಸ್ ಮಟ್ಟದ ತರಗತಿ. ಪ್ರತಿ ಶಾಲೆಗೂ ಒಂದೊಂದು ಕಾಲೇಜು ಜೊತೆಗಾರ, ಕ್ರೆಡಿಟ್ ಕೊಡುವುದು ಆ ಕಾಲೇಜು.

ಇಲ್ಲಿ ಮೆಚ್ಚಬೇಕಾದ್ದು ಸೇರಿಸಿಕೊಳ್ಳುವ ಕ್ರಮ. 4ಕ್ಕೆ ಕನಿಷ್ಠ 3.0 ಅಂಕ, ಯಾಕೆ ಸೇರಬೇಕೆಂದು ವಿದ್ಯಾರ್ಥಿಯೇ ಬರೆದ ಪ್ರಬಂಧ, ಜೊತೆಗೆ ಐವರು ಶಿಕ್ಷಕರ ಲಿಖಿತ ಶಿಫಾರಸು. ಒಬ್ಬರಿಬ್ಬರನ್ನು ಒಪ್ಪಿಸುವುದು ಸುಲಭ. ಐವರಿಂದ ಬರೆಸಿಕೊಳ್ಳಬೇಕಾದರೆ ತನ್ನಿಷ್ಟದ ವಿಷಯದ ಶಿಕ್ಷಕರ ಬಳಿ ಮಾತ್ರ ಹೋದರೆ ಸಾಲದು, ತನಗೆ ಕಷ್ಟವಾದ ವಿಷಯ ಕಲಿಸಿದವರ ಬಾಗಿಲನ್ನೂ ತಟ್ಟಬೇಕಾಗುತ್ತದೆ. ಅದರ ಗುಣ ಇನ್ನೊಂದು ದಿಕ್ಕಿನಲ್ಲೂ ಇದೆ. ಐದು ಜನ ಶಿಕ್ಷಕರು ಒಬ್ಬ ಹುಡುಗಿಯನ್ನು ಒಂದು ಗಳಿಗೆ ನಿಂತು ನೋಡಿ, "ಇವಳು ನಮ್ಮ ಕೆಲಸಕ್ಕೆ ಬರಬಹುದು" ಎಂದು ಕೈಯಾರೆ ಬರೆಯುತ್ತಾರೆ. ಎಷ್ಟೋ ಮಕ್ಕಳಿಗೆ ಹಾಗೆ ಯಾರೂ ಅದುವರೆಗೆ ಹೇಳಿರುವುದಿಲ್ಲ.

ಕೋರ್ಸ್ ಸಂಖ್ಯೆಯನ್ನು ಓದುವುದು ಹೇಗೆ

ಇನ್ನು ಟೆಕ್ಸಸ್‌ಗೆ ಬರೋಣ, ನಮ್ಮವರು ಹೆಚ್ಚಾಗಿರುವ ರಾಜ್ಯ. ಅಲ್ಲಿ ಕಾಲೇಜು ಕೋರ್ಸಿನ ಸಂಖ್ಯೆ ಸುಮ್ಮನೆ ಇಟ್ಟದ್ದಲ್ಲ. 1301ರಲ್ಲಿ ಮೊದಲ ಅಂಕಿ ಮೊದಲ ವರ್ಷದ ಮಟ್ಟವನ್ನೂ ಎರಡನೆಯ ಅಂಕಿ ಎಷ್ಟು ಕ್ರೆಡಿಟ್ ಎಂಬುದನ್ನೂ ಹೇಳುತ್ತದೆ. ಎಜುಕ್ 1301 ಶಿಕ್ಷಕ ವೃತ್ತಿಯ ಪರಿಚಯ, 3 ಕ್ರೆಡಿಟ್. ಎಜುಕ್ 2301 ವಿಶೇಷ ಅಗತ್ಯದ ಮಕ್ಕಳು, ಬೇರೆ ಭಾಷೆಯ ಮಕ್ಕಳು, ಬಡತನದಲ್ಲಿ ಬೆಳೆಯುವ ಮಕ್ಕಳು ಮುಂತಾದವರ ಬಗ್ಗೆ, ಅದೂ 3 ಕ್ರೆಡಿಟ್, ಅದಕ್ಕೂ 16 ಗಂಟೆ. 1301 ಮುಗಿಸದೆ 2301ಕ್ಕೆ ಪ್ರವೇಶವಿಲ್ಲ.

ಹೈಸ್ಕೂಲಿನ ಕಡೆಯಿಂದ ಇದೇ ಕೋರ್ಸಿಗೆ ಬೇರೆ ಹೆಸರು. ಅಲ್ಲಿ 'ಇನ್‌ಸ್ಟ್ರಕ್ಷನಲ್ ಪ್ರಾಕ್ಟೀಸಸ್' ಎಂಬ ತರಗತಿ, ಅದಾದ ಮೇಲೆ ಪ್ರಾಕ್ಟಿಕಮ್. ಸಾಮಾನ್ಯವಾಗಿ ಮೊದಲನೆಯದರ ಒಳಗೇ ಆಗಸ್ಟ್‌ನಲ್ಲಿ 1301, ಜನವರಿಯಲ್ಲಿ 2301 ಕೂರಿಸಿರುತ್ತಾರೆ. ಹೆಸರು ಎರಡಾದ್ದರಿಂದಲೇ ಗೊಂದಲ. ಒಂದೇ ಕೋಣೆಯಲ್ಲಿ ಕೂತ 20 ಮಕ್ಕಳಲ್ಲಿ 12 ಜನ ಕಾಲೇಜಿಗೂ ನೋಂದಾಯಿಸಿಕೊಂಡಿರಬಹುದು, 8 ಜನ ಬರೀ ಹೈಸ್ಕೂಲ್ ತರಗತಿಗೆ ಇರಬಹುದು. ಪಾಠ ಒಂದೇ, ಪುಸ್ತಕ ಒಂದೇ, ಆದರೆ ಕೊನೆಗೆ ಕಾಲೇಜಿನ ಟ್ರಾನ್ಸ್‌ಕ್ರಿಪ್ಟ್ ಬರುವುದು 12 ಜನರಿಗೆ ಮಾತ್ರ. ಕಾಲೇಜಿನ ಅರ್ಜಿ ತುಂಬದೆ, "ಕ್ಲಾಸಲ್ಲಿ ಕೂತಿದ್ದೀನಲ್ಲ, ಕ್ರೆಡಿಟ್ ತಾನಾಗಿ ಬರುತ್ತೆ" ಎಂದುಕೊಂಡವರಿಗೆ ಮೇ ತಿಂಗಳಲ್ಲಿ ಏನೂ ಮಾಡಲಾಗುವುದಿಲ್ಲ. ನೋಂದಣಿ ಆಗಿದೆಯೇ ಎಂಬುದಕ್ಕೆ ಒಂದೇ ಪುರಾವೆ: ಕಾಲೇಜು ಕೊಟ್ಟ ವಿದ್ಯಾರ್ಥಿ ಸಂಖ್ಯೆಯಿಂದ ಕಾಲೇಜಿನ ಪೋರ್ಟಲ್ ಒಳಗೆ ಹೋದಾಗ ಕೋರ್ಸಿನ ಹೆಸರು ಕಾಣಬೇಕು. ಹೈಸ್ಕೂಲಿನ ವೇಳಾಪಟ್ಟಿಯಲ್ಲಿ ಕಂಡರೆ ಸಾಲದು.

ಒಳಗೆ ಹೋಗಲು ಟಿಎಸ್‌ಐ ಎಂಬ ಸಿದ್ಧತಾ ಪರೀಕ್ಷೆಯ ತಡೆಗೋಲು ಇದೆ. ಈ ಕೋರ್ಸಿಗೆ ಮುಖ್ಯವಾಗಿ ಬೇಕಾದ್ದು ಓದು-ಬರಹದ ಭಾಗ: ಬಹು ಆಯ್ಕೆಯಲ್ಲಿ 945, ಪ್ರಬಂಧದಲ್ಲಿ 5. ಮಕ್ಕಳು ಎಡವುವುದು ಹೆಚ್ಚಾಗಿ ಪ್ರಬಂಧದಲ್ಲಿ. ಅಭ್ಯಾಸವಿಲ್ಲದೆ, ಒಂದು ಪ್ಯಾರಾ ಬರೆದು ಎದ್ದು ಬಂದಿರುತ್ತಾರೆ. ಏಪ್ರಿಲ್‌ನಲ್ಲೇ ಬರೆದರೆ ಬೇಸಿಗೆಯಲ್ಲಿ ಇನ್ನೊಮ್ಮೆ ಬರೆಯಲು ಸಮಯ ಇರುತ್ತದೆ. ಶುಲ್ಕದ ವಿಷಯ: 2023ರ ಕಾನೂನಿನಿಂದ ಫಾಸ್ಟ್ ಎಂಬ ಯೋಜನೆ ಬಂದಿದೆ, ಉಚಿತ ಅಥವಾ ರಿಯಾಯಿತಿ ಊಟಕ್ಕೆ ಅರ್ಹರಾದ ಮಕ್ಕಳಿಗೆ ಈ ಯೋಜನೆಗೆ ಸೇರಿದ ಕಾಲೇಜುಗಳಲ್ಲಿ ಡ್ಯುಯಲ್ ಕ್ರೆಡಿಟ್ ಪೂರ್ತಿ ಉಚಿತ. ಅರ್ಹತೆ ಇದ್ದೂ ಸಂಕೋಚದಿಂದ ಊಟದ ಅರ್ಜಿ ತುಂಬದ ಮನೆಗಳು ಇದನ್ನೂ ಕಳೆದುಕೊಳ್ಳುತ್ತವೆ.

ಪಾಠ ಮಾಡುವವರ ಬಗ್ಗೆಯೂ ಒಂದು ಮಾತು. ಕಾಲೇಜು ಕ್ರೆಡಿಟ್ ಕೊಡಬೇಕಾದರೆ ಹೈಸ್ಕೂಲ್ ಶಿಕ್ಷಕಿಗೆ ಸ್ನಾತಕೋತ್ತರ ಪದವಿ ಬೇಕು, ಅದರಲ್ಲಿ ಆ ವಿಷಯದ 18 ಕ್ರೆಡಿಟ್ ಇರಬೇಕು, ದಕ್ಷಿಣದ ರಾಜ್ಯಗಳ ಮಾನ್ಯತಾ ಸಂಸ್ಥೆಯ ಅಳತೆಗೋಲು ಇದು. ಇಂಗ್ಲಿಷಿಗೋ ಇತಿಹಾಸಕ್ಕೋ ಅಂಥವರು ಸಿಗುವುದು ಕಷ್ಟ. ಶಿಕ್ಷಣದ ಕೋರ್ಸಿಗೆ ಅಷ್ಟು ಕಷ್ಟವಿಲ್ಲ, ಎಂ.ಎಡ್. ಮಾಡಿದವರು ಶಾಲೆಯಲ್ಲೇ ಇರುತ್ತಾರೆ. ಆದರೆ ಇಡೀ ಕೋರ್ಸು ಒಬ್ಬರ ಅರ್ಹತೆಯ ಮೇಲೆ ನಿಂತಿರುವುದರಿಂದ ಆ ಒಬ್ಬರು ನಿವೃತ್ತರಾದರೆ, ವರ್ಗವಾದರೆ, ಮರುವರ್ಷ ತರಗತಿ ಉಳಿದು ಕ್ರೆಡಿಟ್ ಮಾಯವಾಗಬಹುದು. 11ನೇ ತರಗತಿಯಲ್ಲಿ ಸಿಗುತ್ತಿದ್ದರೆ 12ಕ್ಕೆ ತೆಗೆದಿಡದಿರುವುದೇ ಒಳ್ಳೆಯದು.

960 ನಿಮಿಷ

16 ಗಂಟೆ ಎಂದರೆ ಹೆಚ್ಚೇನಲ್ಲ ಅನಿಸುತ್ತದೆ. ನಿಮಿಷದಲ್ಲಿ ಲೆಕ್ಕ ಹಾಕಿದರೆ ಕಷ್ಟ ಗೊತ್ತಾಗುತ್ತದೆ. ಹೈಸ್ಕೂಲಿನ ಒಂದು ಪೀರಿಯಡ್ 50 ನಿಮಿಷ ಎನ್ನಿ. ಪ್ರಾಥಮಿಕ ಶಾಲೆ ಕಾರಿನಲ್ಲಿ 10 ನಿಮಿಷದ ದೂರ. ಹೋಗಿ ಬರಲು 20. ಮುಂಬಾಗಿಲ ಕಚೇರಿಯಲ್ಲಿ ಗುರುತಿನ ಚೀಟಿ ತೋರಿಸಿ, ಎದೆಗೆ ಸ್ಟಿಕ್ಕರ್ ಅಂಟಿಸಿಕೊಂಡು, ತರಗತಿಯವರೆಗೆ ನಡೆಯಲು 5. ಉಳಿದದ್ದು 25 ನಿಮಿಷ. 960 ನಿಮಿಷ ತುಂಬಿಸಲು 39 ಸಲ ಹೋಗಬೇಕು. ಸೆಮಿಸ್ಟರಿಗೆ 16 ವಾರ. ಅದರಲ್ಲಿ ಮೊದಲ ಮೂರು ವಾರ ಹಿನ್ನೆಲೆ ಪರಿಶೀಲನೆಯ ಕಾಗದ, ಪೋಷಕರ ಸಹಿ, ಯಾರು ಯಾವ ತರಗತಿಗೆ ಎಂಬ ಹಂಚಿಕೆಗೆ ಹೋಗುತ್ತದೆ. ನವೆಂಬರಿನಲ್ಲಿ ಥ್ಯಾಂಕ್ಸ್‌ಗಿವಿಂಗ್ ವಾರ ರಜೆ. ಉಳಿಯುವ 12 ವಾರದಲ್ಲಿ ವಾರಕ್ಕೆರಡು ಸಲ ಹೋದರೂ 24 ಭೇಟಿ, 600 ನಿಮಿಷ, ಅಂದರೆ ಬರೀ 10 ಗಂಟೆ. ಇನ್ನೂ 6 ಗಂಟೆ ಬಾಕಿ. ಡಿಸೆಂಬರ್ ಮೊದಲ ವಾರದಲ್ಲಿ ಮಕ್ಕಳು ಕಂಗಾಲಾಗಿ "ಶನಿವಾರ ಯಾವುದಾದರೂ ಶಾಲೆ ತೆರೆದಿರುತ್ತಾ?" ಎಂದು ಕೇಳುವುದು ಇದಕ್ಕೇ.

ಇದರ ಪರಿಹಾರ ವೇಳಾಪಟ್ಟಿಯಲ್ಲಿದೆ, ವಿದ್ಯಾರ್ಥಿಯ ಶ್ರದ್ಧೆಯಲ್ಲಲ್ಲ. ತರಗತಿಯನ್ನು 90 ನಿಮಿಷದ ಬ್ಲಾಕಿಗೆ ಹಾಕಿದರೆ ಅದೇ 25 ನಿಮಿಷ ಕಳೆದು 65 ಉಳಿಯುತ್ತದೆ. 15 ಭೇಟಿಗೆ ಕೆಲಸ ಮುಗಿಯಿತು. ಒಂದೇ ಆವರಣದಲ್ಲಿ ಅಥವಾ ನಡೆದು ಹೋಗುವಷ್ಟು ಹತ್ತಿರ ಪ್ರಾಥಮಿಕ ಶಾಲೆ ಇದ್ದರಂತೂ ಭಾಗ್ಯ. ಬ್ಲಾಕ್ ಸಾಧ್ಯವಿಲ್ಲದ ಕಡೆ, ಈ ತರಗತಿಯನ್ನು ಊಟದ ಬಿಡುವಿಗೆ ಅಂಟಿಕೊಂಡಂತೆ ಅಥವಾ ದಿನದ ಕೊನೆಯ ಪೀರಿಯಡ್ ಆಗಿ ಇಡಲು ಕೌನ್ಸೆಲರನ್ನು ಕೇಳಬೇಕು. ಆದರೆ ದಿನದ ಕೊನೆಯ ಗಂಟೆಯಲ್ಲಿ ಚಿಕ್ಕ ಮಕ್ಕಳು ದಣಿದು, ಬ್ಯಾಗು ತುಂಬುವ ಗಲಾಟೆಯಲ್ಲಿರುತ್ತಾರೆ. ಓದು, ಲೆಕ್ಕ ನಡೆಯುವುದು ಬೆಳಗ್ಗೆ. ನೋಡಬೇಕಾದ್ದು ಅದು. ವಸಂತದ ಸೆಮಿಸ್ಟರಿನಲ್ಲಿ ಇನ್ನೊಂದು ಅಡ್ಡಿ: ಏಪ್ರಿಲ್‌ನಲ್ಲಿ ರಾಜ್ಯದ ಸ್ಟಾರ್ ಪರೀಕ್ಷೆ ಶುರುವಾದರೆ ಆ ದಿನಗಳಲ್ಲಿ ಹೊರಗಿನವರಿಗೆ ತರಗತಿ ಮುಚ್ಚಿದಂತೆಯೇ. ಆದ್ದರಿಂದ 2301ರ ಗಂಟೆಗಳನ್ನು ಮಾರ್ಚ್ ಮುಗಿಯುವಷ್ಟರಲ್ಲಿ ಮುಕ್ಕಾಲು ಪಾಲು ಮುಗಿಸಿರಬೇಕು.

ಗಂಟೆ ತುಂಬಿದರೂ ಅದರಲ್ಲಿ ಏನು ತುಂಬಿತು ಎಂಬ ಪ್ರಶ್ನೆ ಉಳಿಯುತ್ತದೆ. ತರಗತಿಯಲ್ಲಿ ಕೈಗೊಂದು ಕೈ ಸಿಕ್ಕಿತೆಂದು ಶಿಕ್ಷಕಿ ಖುಷಿಪಟ್ಟು ಜೆರಾಕ್ಸ್ ತೆಗೆಯಲು, ಗೋಡೆಯ ಬೋರ್ಡಿಗೆ ಬಣ್ಣದ ಕಾಗದ ಕತ್ತರಿಸಲು ಹಚ್ಚುವುದುಂಟು. ಅವರನ್ನು ತಪ್ಪು ಎನ್ನಲಾಗದು, ಬೇರೆ ಏನು ಮಾಡಿಸಬೇಕೆಂದು ಅವರಿಗೆ ಯಾರೂ ಹೇಳಿರುವುದಿಲ್ಲ. ಮೊದಲ ದಿನವೇ ಅರ್ಧ ಪುಟದ ಒಪ್ಪಂದ ಕೈಗಿಟ್ಟರೆ ಸಾಕು: ಮೊದಲ 4 ಗಂಟೆ ನೋಡುವುದು ಮತ್ತು ಬರೆಯುವುದು, ಆಮೇಲಿನ 8 ಗಂಟೆ ಇಬ್ಬರು ಮೂವರು ಮಕ್ಕಳ ಜೊತೆ ಕೂತು ಓದಿಸುವುದು, ಲೆಕ್ಕ ಮಾಡಿಸುವುದು, ಕೊನೆಯ 4 ಗಂಟೆಯಲ್ಲಿ ಒಂದು ಸಣ್ಣ ಪಾಠ, ಅದರ ತಯಾರಿ ಮತ್ತು ಅದರ ಮೇಲಿನ ಮಾತುಕತೆ.

13ರಿಂದ 5 ಕಳೆದರೆ

ಈ ಕೋರ್ಸಿನ ಬಗ್ಗೆ ಯೋಚಿಸಿದಾಗೆಲ್ಲ ಕಣ್ಣಮುಂದೆ ಬರುವ ಒಂದು ದೃಶ್ಯವಿದೆ. ಒಂದನೇ ತರಗತಿ. ಗೋಡಂಬಿಯ ಹಾಗೆ ಬಾಗಿದ ಮೇಜು, ಸುತ್ತ ಮೊಣಕಾಲೆತ್ತರದ ಕುರ್ಚಿಗಳು. ಹೈಸ್ಕೂಲ್ ಹುಡುಗಿ ಆ ಕುರ್ಚಿಯಲ್ಲಿ ಹಿಡಿಯದೆ ನೆಲಕ್ಕೆ ಮಂಡಿಯೂರಿದ್ದಾಳೆ. ಮಗುವಿನ ಮುಂದೆ ಒಂದು ಕಡೆ ಕೆಂಪು, ಇನ್ನೊಂದು ಕಡೆ ಹಳದಿ ಇರುವ ಪ್ಲಾಸ್ಟಿಕ್ ಬಿಲ್ಲೆಗಳು. ಅವಳ ವೀಕ್ಷಣಾ ಪುಸ್ತಕದ ಪುಟ ಹೀಗಿದೆ:

"9:41. ಲೆಕ್ಕ 13 − 5. ಬಿಲ್ಲೆ ಮುಟ್ಟಲಿಲ್ಲ. ಒಂದೊಂದೇ ಬೆರಳು ಮಡಚುತ್ತ 13, 12, 11, 10, 9 ಎಂದ. ಉತ್ತರ 9 ಎಂದು ಬರೆದ. ನಾನು 8 ಎಂದೆ. ಅಳಿಸಿ 8 ಬರೆದ. 9:43. ಮುಂದಿನ ಲೆಕ್ಕ 12 − 4. ಬೆರಳು ಮಡಚುತ್ತ 12, 11, 10, 9 ಎಂದ. ಉತ್ತರ 9."

ಎರಡು ನಿಮಿಷದ ಈ ದಾಖಲೆಯಲ್ಲಿ ಶಿಕ್ಷಣಶಾಸ್ತ್ರದ ಒಂದು ಅಧ್ಯಾಯವೇ ಇದೆ. ಮಗುವಿಗೆ ಕಳೆಯುವುದು ಗೊತ್ತು, ಹಿಂದಕ್ಕೆ ಎಣಿಸುವುದೂ ಗೊತ್ತು. ತಪ್ಪಿರುವುದು ಒಂದೇ ಕಡೆ: ಮೊದಲ ಬೆರಳು ಮಡಚುವಾಗ 12 ಎನ್ನಬೇಕಿತ್ತು, 13 ಎಂದಿತು. ಶುರುವಿನ ಸಂಖ್ಯೆಯನ್ನೇ ಒಂದು ಹೆಜ್ಜೆ ಎಂದು ಎಣಿಸಿತು. ಹುಡುಗಿ ಸರಿಯುತ್ತರ ಹೇಳಿದಳು, ಮಗು ಬರೆದುಕೊಂಡಿತು, ಕಲಿಯಲಿಲ್ಲ. ಎರಡನೆಯ ಲೆಕ್ಕ ಅದಕ್ಕೆ ಸಾಕ್ಷಿ. ಅಷ್ಟರಲ್ಲಿ ತರಗತಿಯ ಶಿಕ್ಷಕಿ ಬಂದು ಪಕ್ಕದಲ್ಲಿ ಕೂತರು. ತಪ್ಪು ಎನ್ನಲಿಲ್ಲ, ಸರಿ ಎನ್ನಲಿಲ್ಲ. "ಹೇಗೆ ಮಾಡಿದೆ, ಬಿಲ್ಲೆಯಲ್ಲಿ ತೋರಿಸು" ಎಂದರು. ಮಗು 12 ಬಿಲ್ಲೆ ಜೋಡಿಸಿತು. ಒಂದನ್ನು ಪಕ್ಕಕ್ಕೆ ಸರಿಸಿ "12" ಎನ್ನಲು ಬಾಯಿ ತೆರೆದು, ಉಳಿದವನ್ನು ನೋಡಿ, ನಿಂತಿತು. "ಮಿಸ್, ಈಗ 11 ಇದೆ" ಎಂದಿತು. ಶಿಕ್ಷಕಿ ತಲೆಯಾಡಿಸಿದರು ಅಷ್ಟೆ. ಮಗು ಮತ್ತೆ ಮೊದಲಿಂದ ಶುರು ಮಾಡಿತು.

ಹುಡುಗಿ ಆ ದಿನದ ಪುಟದ ಕೆಳಗೆ ಬರೆದುಕೊಂಡದ್ದು ಒಂದೇ ಸಾಲು: "ನಾನು ಉತ್ತರ ಕೇಳಿದೆ, ಅವರು ದಾರಿ ಕೇಳಿದರು." ಅಂಥ ಸಾಲು ಉಪನ್ಯಾಸ ಕೇಳಿ ಬರುವುದಿಲ್ಲ.

ಅಂದಹಾಗೆ, ವೀಕ್ಷಣೆ ಬರೆಯುವುದೇ ಕಲಿಯಬೇಕಾದ ವಿದ್ಯೆ. ಮೊದಲ ವಾರ ಎಲ್ಲರೂ ಬರೆಯುವುದು "ಹುಡುಗನಿಗೆ ಗಮನವಿಲ್ಲ", "ಟೀಚರ್ ತುಂಬಾ ಚೆನ್ನಾಗಿ ಮಾಡಿದರು" ಎಂಬಂಥ ತೀರ್ಪುಗಳು. ಅದನ್ನು ಓದಿದವರಿಗೆ ಏನು ನಡೆಯಿತೆಂದು ತಿಳಿಯದು. "9:42ರಿಂದ 9:47ರವರೆಗೆ ಪೆನ್ಸಿಲ್ ತುದಿ ಕೆರೆಯುತ್ತ ಕೂತ, ಪುಟ ತಿರುಗಿಸಲಿಲ್ಲ, ಎರಡು ಸಲ ಕಿಟಕಿಯ ಕಡೆ ನೋಡಿದ" ಎಂದು ಬರೆದರೆ ಆ ಮೇಲೆ ಯೋಚಿಸಬಹುದು: ಗಮನವಿಲ್ಲವೋ, ಓದಲು ಬರುತ್ತಿಲ್ಲವೋ, ಕನ್ನಡಕ ಬೇಕೋ. ಹಾಳೆಯ ಮಧ್ಯೆ ಗೆರೆ ಎಳೆದು ಎಡಕ್ಕೆ ಕಂಡದ್ದು, ಬಲಕ್ಕೆ ಅನಿಸಿದ್ದು ಬರೆಯುವುದು ಒಳ್ಳೆಯ ರೂಢಿ. ಮಗುವಿನ ಹೆಸರು ಬರೆಯಬಾರದು, ಫೋಟೋ ತೆಗೆಯಲೇಬಾರದು. ಮಗುವಿನ ಮುದ್ದಾದ ಬರಹವನ್ನು ಫೋನಿನಲ್ಲಿ ಹಿಡಿದು ಗೆಳತಿಯರಿಗೆ ಕಳಿಸಿದ ಒಂದೇ ಕಾರಣಕ್ಕೆ ತರಗತಿಯಿಂದ ಹೊರಬೀಳಬೇಕಾದೀತು.

ಇನ್ನೊಂದು ಕೆಲಸ ಗಡಿಯಾರ ಹಿಡಿದು ಮಾಡುವುದು. ಶಿಕ್ಷಕಿ ಪ್ರಶ್ನೆ ಕೇಳಿದ ಮೇಲೆ ಮತ್ತೆ ಮಾತಾಡುವವರೆಗೆ ಎಷ್ಟು ಹೊತ್ತು ಸುಮ್ಮನಿರುತ್ತಾರೆ? ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ಆಸುಪಾಸು ಅಳೆದು ತೋರಿಸಿದ್ದು ಇದನ್ನೇ: ಸಾಮಾನ್ಯವಾಗಿ ಒಂದು ಸೆಕೆಂಡ್. ಅದನ್ನು ಮೂರು ಸೆಕೆಂಡಿಗೆ ಹಿಗ್ಗಿಸಿದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, ಹಿಂದಿನ ಬೆಂಚಿನವರೂ ಬಾಯಿಬಿಡುತ್ತಾರೆ. ಬೇರೆಯವರದ್ದನ್ನು ಅಳೆದ ಹುಡುಗ ತನ್ನ ಪಾಠದ ಧ್ವನಿಮುದ್ರಣ ಕೇಳಿ ತನ್ನದನ್ನೂ ಅಳೆಯಬೇಕು. ಮೂರು ಸೆಕೆಂಡ್ ಮೌನ ತರಗತಿಯ ಮುಂದೆ ನಿಂತವರಿಗೆ ಎಷ್ಟು ದೀರ್ಘ ಎಂಬುದು ಆಗಲೇ ಮೈಗೆ ಗೊತ್ತಾಗುವುದು.

15 ನಿಮಿಷದ ಪಾಠ

ನಮ್ಮ ಕಡೆ ಬಿ.ಎಡ್. ಮಾಡಿದವರಿಗೆ ಸೂಕ್ಷ್ಮ ಬೋಧನೆಯ 6-6-12-6-6 ಬಾಯಿಪಾಠ: 6 ನಿಮಿಷ ಪಾಠ, 6 ಹಿಮ್ಮಾಹಿತಿ, 12 ಮರುಯೋಜನೆ, 6 ಮರುಪಾಠ, 6 ಮತ್ತೆ ಹಿಮ್ಮಾಹಿತಿ, ಒಟ್ಟು 36. ಆ ಪದ್ಧತಿ ಹುಟ್ಟಿದ್ದು 1960ರ ದಶಕದ ಸ್ಟ್ಯಾನ್‌ಫರ್ಡ್‌ನಲ್ಲಿ, ನಮ್ಮಲ್ಲಿ ಸಹಪಾಠಿಗಳನ್ನೇ ಮಕ್ಕಳಂತೆ ಕೂರಿಸಿ ಮಾಡುತ್ತಾರೆ. ಹೈಸ್ಕೂಲ್ ಮಕ್ಕಳೂ ಮೊದಲು ಹಾಗೇ ಮಾಡುವುದು ಒಳ್ಳೆಯದು. ಆದರೆ ಸಹಪಾಠಿಗಳು ಒಳ್ಳೆಯ ಮನಸ್ಸಿನಿಂದ ಸರಿಯುತ್ತರ ಕೊಟ್ಟುಬಿಡುತ್ತಾರೆ. 13, 12, 11, 10, 9 ಎಂದು ಎಣಿಸುವವರು ಅಲ್ಲಿ ಯಾರೂ ಇರುವುದಿಲ್ಲ. ಅದಕ್ಕೇ ನಿಜವಾದ ತರಗತಿಯ 15 ನಿಮಿಷ ಬೇಕು.

ಆ 15 ನಿಮಿಷವನ್ನು ಹಂಚುವ ಒಂದು ಬಗೆ: 2 ನಿಮಿಷ ಹಿಂದಿನದರ ನೆನಪು, 4 ನಿಮಿಷ ತಾನು ಮಾಡಿ ತೋರಿಸುವುದು, 5 ನಿಮಿಷ ಎಲ್ಲರೂ ಕೂಡಿ ಮಾಡುವುದು, 3 ನಿಮಿಷ ಪ್ರತಿ ಮಗು ತಾನೇ ಮಾಡುವುದು, 1 ನಿಮಿಷ ಚೀಟಿಯಲ್ಲಿ ಒಂದು ಪ್ರಶ್ನೆಗೆ ಉತ್ತರ. ಮೊದಲ ಸಲ ಯಾರಿಗೂ ಇದು ಕೂಡಿಬರುವುದಿಲ್ಲ, ಕೆಡುವುದು ಬಹುತೇಕ ಒಂದೇ ಜಾಗದಲ್ಲಿ. ಹುಡುಗಿ ಚೆಂದದ ಚಟುವಟಿಕೆ ಯೋಚಿಸಿರುತ್ತಾಳೆ, ಅದರಲ್ಲಿ ಕತ್ತರಿ ಮತ್ತು ಅಂಟು ಇರುತ್ತದೆ. ಆರು ವರ್ಷದವರು ಕಾಗದ ಕತ್ತರಿಸಲು 11 ನಿಮಿಷ ತೆಗೆದುಕೊಳ್ಳುತ್ತಾರೆ. ಲೆಕ್ಕಕ್ಕೆ ಸಮಯ ಉಳಿಯುವುದಿಲ್ಲ. ಕತ್ತರಿಸುವುದೇ ಪಾಠದ ಗುರಿಯಲ್ಲದಿದ್ದರೆ ಎಲ್ಲವನ್ನೂ ಮನೆಯಲ್ಲೇ ಕತ್ತರಿಸಿ ತರಬೇಕು. ಟೆಕ್ಸಸ್‌ನಲ್ಲಿ ನಾಲ್ಕನೇ ತರಗತಿಯವರೆಗೆ ಕೋಣೆಗೆ 22 ಮಕ್ಕಳ ಮಿತಿ, ಹಾಗಾಗಿ 24 ಸೆಟ್ ಮಾಡಿ ಲಕೋಟೆಗಳಿಗೆ ಹಾಕಿಟ್ಟರೆ ಕಳೆದುಹೋದದ್ದಕ್ಕೂ ಹರಿದದ್ದಕ್ಕೂ ಸಾಕು. ಮತ್ತೊಂದು: ಸಾಮಾನು ಹಂಚುವ ಮೊದಲು ಸೂಚನೆ ಹೇಳಿ ಮುಗಿಸಬೇಕು. ಬಿಲ್ಲೆ ಕೈಗೆ ಬಂದ ಮೇಲೆ ಯಾವ ಮಗುವಿನ ಕಿವಿಯೂ ನಮ್ಮ ಕಡೆ ಇರುವುದಿಲ್ಲ.

ಸಿಕ್ಕಿದ ಕ್ರೆಡಿಟ್, ಸಲ್ಲುವ ಕ್ರೆಡಿಟ್

ಈಗ ಆ ಮೊದಲ ಎರಡು ಪ್ರಶ್ನೆಗಳಿಗೆ ಬರೋಣ. ಕ್ರೆಡಿಟ್ ಸಿಗುವುದು ಬೇರೆ, ಸಲ್ಲುವುದು ಬೇರೆ. ಬೇರೆ ಯೂನಿವರ್ಸಿಟಿ ಅದನ್ನು "ಒಪ್ಪಿದೆವು" ಎಂದರೂ ಯಾವ ಖಾನೆಗೆ ಹಾಕುತ್ತಾರೆ ಎಂಬುದನ್ನು ನೋಡಬೇಕು. ಪದವಿಯ ಕಡ್ಡಾಯ ಕೋರ್ಸಿನ ಖಾನೆಗೆ ಬಿದ್ದರೆ ಒಂದು ಕೋರ್ಸ್ ಉಳಿಯಿತು. ಐಚ್ಛಿಕದ ಖಾನೆಗೆ ಬಿದ್ದು, ಆ ಪದವಿಯಲ್ಲಿ ಐಚ್ಛಿಕಕ್ಕೆ ಜಾಗವೇ ಇಲ್ಲದಿದ್ದರೆ, ಟ್ರಾನ್ಸ್‌ಕ್ರಿಪ್ಟಿನಲ್ಲಿ 3 ಎಂದು ಕಂಡರೂ ಒಂದು ದಿನವೂ ಉಳಿಯುವುದಿಲ್ಲ. ಟೆಕ್ಸಸ್ ಒಳಗೆ ಇದಕ್ಕೊಂದು ಭದ್ರವಾದ ದಾರಿ ಇದೆ: ಎಎಟಿ ಎಂಬ ಎರಡು ವರ್ಷದ, 60 ಕ್ರೆಡಿಟಿನ ಶಿಕ್ಷಕ ಪದವಿ. ಶಿಕ್ಷಕ ತರಬೇತಿ ಇರುವ ರಾಜ್ಯದ ಸಾರ್ವಜನಿಕ ಯೂನಿವರ್ಸಿಟಿಗಳಿಗೆ ಇದು ಪೂರ್ತಿಯಾಗಿ ವರ್ಗವಾಗುವಂತೆ ರೂಪಿಸಿದ್ದು. ಖಾಸಗಿಗೋ ಬೇರೆ ರಾಜ್ಯಕ್ಕೋ ಹೋಗುವವರಿಗೆ ಆ ಭರವಸೆ ಇಲ್ಲ. ಅಂಥವರು ಸೇರುವ ಮೊದಲೇ ಆ ಯೂನಿವರ್ಸಿಟಿಯ ಶಿಕ್ಷಣ ವಿಭಾಗದ ಸಲಹೆಗಾರರಿಗೆ ಸಿಲಬಸ್ ಜೊತೆ ಇಮೇಲ್ ಬರೆದು, ಯಾವ ಕೋರ್ಸಿಗೆ ಸಮ ಎಂದು ಲಿಖಿತ ಉತ್ತರ ಪಡೆಯಬೇಕು. ಪ್ರವೇಶ ವಿಭಾಗದವರ "ಹೌದು" ಸಾಲದು, ಖಾನೆ ತೀರ್ಮಾನಿಸುವವರು ಅವರಲ್ಲ.

ನಮ್ಮ ಮನೆಗಳ ಮಕ್ಕಳಿಗೆ ವಿಶೇಷವಾಗಿ ತಟ್ಟುವ ಒಂದು ಎಡವು ಗಣಿತದಲ್ಲಿದೆ. ಮಗ ಕ್ಯಾಲ್ಕುಲಸ್ ಮುಗಿಸಿರುತ್ತಾನೆ, ಗಣಿತದ ಚಿಂತೆ ಕಳೆಯಿತು ಎಂದು ಎಲ್ಲರೂ ನೆಮ್ಮದಿಯಾಗಿರುತ್ತಾರೆ. ಆದರೆ ಪ್ರಾಥಮಿಕ ಶಾಲಾ ಶಿಕ್ಷಕನಾಗುವವನಿಗೆ ಎಎಟಿಯಲ್ಲಿ ಬೇಕಾದ್ದು ಮ್ಯಾತ್ 1350 ಮತ್ತು 1351, ಶಿಕ್ಷಕರಿಗಾಗಿಯೇ ಇರುವ ಗಣಿತ. ಮೊದಲನೆಯದರಲ್ಲಿ ಸಂಖ್ಯಾ ಪದ್ಧತಿ, ಪೂರ್ಣಾಂಕ, ಭಿನ್ನರಾಶಿ, ಅವು ಯಾಕೆ ಹಾಗೆ ನಡೆಯುತ್ತವೆ ಎಂಬುದು. ಎರಡನೆಯದರಲ್ಲಿ ರೇಖಾಗಣಿತ, ಸಂಭಾವ್ಯತೆ. ಕ್ಯಾಲ್ಕುಲಸ್ ಇದ್ದರೆ ಅದಕ್ಕೆ ಪ್ರವೇಶ ಸುಲಭ, ಆದರೆ ಈ ಎರಡರ ಬದಲಿಗೆ ಕ್ಯಾಲ್ಕುಲಸ್ ಸಾಮಾನ್ಯವಾಗಿ ಸಲ್ಲದು. ಸಲ್ಲಬಾರದು ಕೂಡ. 13ರಿಂದ 5 ಕಳೆಯುವಾಗ ಮಗು 9 ಎಂದದ್ದು ಯಾಕೆ ಎಂಬುದಕ್ಕೆ ಕ್ಯಾಲ್ಕುಲಸ್‌ನಲ್ಲಿ ಉತ್ತರವಿಲ್ಲ.

ಅಂಕದ ವಿಷಯದಲ್ಲಿ ಎಚ್ಚರ ಬೇಕು. ಡ್ಯುಯಲ್ ಕ್ರೆಡಿಟಿನ ಗ್ರೇಡ್ ಕಾಲೇಜಿನ ಶಾಶ್ವತ ದಾಖಲೆಯ ಮೊದಲ ಸಾಲು. ಮುಂದೆ ಶಿಕ್ಷಕ ತರಬೇತಿ ಕಾರ್ಯಕ್ರಮಕ್ಕೆ ಸೇರಲು ಟೆಕ್ಸಸ್‌ನಲ್ಲಿ ಕನಿಷ್ಠ 2.5 ಸರಾಸರಿ ಕೇಳುತ್ತಾರೆ. 16ನೇ ವಯಸ್ಸಿನಲ್ಲಿ ಬಿದ್ದ ಡಿ ಅಲ್ಲಿಗೂ ಹಿಂಬಾಲಿಸುತ್ತದೆ. ಕೋರ್ಸು ಕೈಮೀರುತ್ತಿದೆ ಅನಿಸಿದರೆ 16 ವಾರದ ಸೆಮಿಸ್ಟರಿನಲ್ಲಿ ಮೊದಲ 12 ಪಾಠದ ದಿನಗಳೊಳಗೆ ಬಿಟ್ಟರೆ ದಾಖಲೆಯಲ್ಲಿ ಗುರುತೇ ಉಳಿಯುವುದಿಲ್ಲ. ಆಮೇಲೆ ಬಿಟ್ಟರೆ, ಬಿಟ್ಟ ಗುರುತಾಗಿ ಡಬ್ಲ್ಯು ಬೀಳುತ್ತದೆ, ಅದನ್ನೂ ಮಾಡದೆ ಸುಮ್ಮನಿದ್ದರೆ ಎಫ್. ಇಲ್ಲಿ ತಂದೆತಾಯಿಗೆ ಒಂದು ಹೊಸ ಸಂಗತಿ: ಮಗು ಕಾಲೇಜು ಕೋರ್ಸಿಗೆ ಸೇರಿದ ಗಳಿಗೆಯಿಂದ, ವಯಸ್ಸು 15 ಇದ್ದರೂ, ಕಾಲೇಜಿನ ದಾಖಲೆಯ ಹಕ್ಕು ಮಗುವಿನದೇ. ಪ್ರೊಫೆಸರಿಗೆ ಫೋನ್ ಮಾಡಿ "ನಮ್ಮವಳು ಹೇಗೆ ಓದ್ತಿದ್ದಾಳೆ?" ಎಂದರೆ ಅವರು ಉತ್ತರ ಕೊಡದಿರುವುದು ಉದ್ಧಟತನವಲ್ಲ, ವಿದ್ಯಾರ್ಥಿಗಳ ದಾಖಲೆಯನ್ನು ಗುಟ್ಟಾಗಿಡುವ ಫರ್ಪಾ ಕಾನೂನು. ಮಗಳ ಪೋರ್ಟಲನ್ನು ಅವಳ ಜೊತೆ ಕೂತು ವಾರಕ್ಕೊಮ್ಮೆ ನೋಡುವುದೇ ಸರಿಯಾದ ದಾರಿ.

ಕೆಲಸದ ವೀಸಾದ ತಂದೆ ಅಥವಾ ತಾಯಿಯ ಅವಲಂಬಿತರಾಗಿ ಎಚ್-4 ವೀಸಾದಲ್ಲಿರುವ ಮಕ್ಕಳು ಕೋರ್ಸಿಗೂ ಸೇರಬಹುದು, ಕೋರ್ಸಿನ ಭಾಗವಾದ ಸಂಬಳವಿಲ್ಲದ ಕ್ಷೇತ್ರಾನುಭವವನ್ನೂ ಮಾಡಬಹುದು. ಕಷ್ಟ ಬರುವುದು ಆಮೇಲೆ. ಈ ಕೋರ್ಸುಗಳನ್ನು ಮುಗಿಸಿ 18 ತುಂಬಿದವರು ಟೆಕ್ಸಸ್‌ನಲ್ಲಿ ಎಜುಕೇಶನಲ್ ಏಡ್ 1 ಪ್ರಮಾಣಪತ್ರ ಪಡೆದು ಸಹಾಯಕರಾಗಿ ಸಂಬಳಕ್ಕೆ ಸೇರುವ ದಾರಿ ಇದೆ, ಎಚ್-4ನ ಮಕ್ಕಳಿಗೆ ಕೆಲಸದ ಅನುಮತಿ ಇಲ್ಲದ್ದರಿಂದ ಅದು ಮುಚ್ಚಿದ್ದು. ಒಕ್ಕೂಟ ಸರ್ಕಾರದ ಟೀಚ್ ಅನುದಾನ, ವರ್ಷಕ್ಕೆ 4,000 ಡಾಲರ್‌ವರೆಗೆ, ಅವರಿಗಿಲ್ಲ. 21 ತುಂಬಿದರೆ ಎಚ್-4 ಕೂಡ ಮುಗಿಯುತ್ತದೆ. ಇದನ್ನೆಲ್ಲ ತಿಳಿದೇ ಹೊರಡಬೇಕು. ಅರ್ಹರಾದವರೂ ಟೀಚ್ ಅನುದಾನದ ಷರತ್ತನ್ನು ಎರಡು ಸಲ ಓದಬೇಕು: ಪದವಿಯ ನಂತರ 8 ವರ್ಷದೊಳಗೆ 4 ವರ್ಷ, ಕಡಿಮೆ ಆದಾಯದವರ ಶಾಲೆಯಲ್ಲಿ, ಕೊರತೆ ಇರುವ ವಿಷಯ ಕಲಿಸಬೇಕು. ತಪ್ಪಿದರೆ ಅನುದಾನವೆಲ್ಲ ಸಾಲವಾಗಿ, ಹಣ ಕೊಟ್ಟ ದಿನದಿಂದಲೇ ಬಡ್ಡಿ ಸೇರುತ್ತದೆ.

ನಮ್ಮೂರಿನ ಕಡೆ

ಕರ್ನಾಟಕದಲ್ಲಿ ಪಿಯುಸಿಯ ಕಲಾ ವಿಭಾಗದಲ್ಲಿ ಶಿಕ್ಷಣಶಾಸ್ತ್ರ ಒಂದು ಐಚ್ಛಿಕ ವಿಷಯವಾಗಿ ಇದೆ. ಅದನ್ನು ಓದಿದವರಿಗೆ ಮುಂದೆ ಡಿ.ಎಲ್.ಎಡ್. ಅಥವಾ ಬಿ.ಎಡ್.ನಲ್ಲಿ ಒಂದು ಪತ್ರಿಕೆಯೂ ಕಡಿಮೆಯಾಗುವುದಿಲ್ಲ. ಪ್ರಾಥಮಿಕ ಶಿಕ್ಷಕ ತರಬೇತಿಯನ್ನು ಟಿಸಿಎಚ್ ಎನ್ನುತ್ತಿದ್ದ ಕಾಲದಿಂದಲೂ ನಮ್ಮ ಪ್ರಾಥಮಿಕ ಶಿಕ್ಷಕರು ಎಳೆಯ ವಯಸ್ಸಿಗೇ ತರಬೇತಿಗೆ ಬರುತ್ತಿದ್ದವರು. 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್, ಪ್ರಾಥಮಿಕ ತರಗತಿಗಳಿಗೆ ಬಿ.ಎಡ್. ಅರ್ಹತೆಯಾಗದು ಎಂದ ಮೇಲೆ ಡಿ.ಎಲ್.ಎಡ್. ಎಂಬ ಎರಡು ವರ್ಷದ ಡಿಪ್ಲೊಮಾದ ತೂಕ ಮತ್ತೆ ಗೊತ್ತಾಯಿತು. ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಲ್ಲಂತೂ ಪದವಿ ಮತ್ತು ಬಿ.ಎಡ್. ಕೂಡಿದ ನಾಲ್ಕು ವರ್ಷದ ಓದು 1960ರ ದಶಕದಿಂದಲೇ ಇದೆ. 2023-24ರಿಂದ ಆಯ್ದ ಸಂಸ್ಥೆಗಳಲ್ಲಿ ಬಂದಿರುವ ಐಟೆಪ್ ಎಂಬ ಸಂಯೋಜಿತ ಶಿಕ್ಷಕ ಪದವಿ ಅದೇ ದಾರಿಯದು, 3 ಮತ್ತು 2 ಸೇರಿ 5 ವರ್ಷ ಆಗುವುದು 4ಕ್ಕೆ ಮುಗಿಯುತ್ತದೆ, ಪ್ರವೇಶಕ್ಕೆ ಎನ್‌ಸಿಇಟಿ ಎಂಬ ಪರೀಕ್ಷೆ ಬರೆಯಬೇಕು. ಆದರೆ 12ನೇ ತರಗತಿ ಮುಗಿಸಿದ ಹುಡುಗಿ ನಾಲ್ಕು ವರ್ಷದ ತೀರ್ಮಾನ ಮಾಡುವ ಹೊತ್ತಿಗೆ, ಶಿಕ್ಷಕಿಯ ಕಡೆಯ ಕುರ್ಚಿಯಿಂದ ಒಂದು ತರಗತಿಯನ್ನೂ ನೋಡಿರುವುದಿಲ್ಲ. ಕ್ರೆಡಿಟ್ ಮಾತು ಆಮೇಲಿರಲಿ, ಪಿಯು ಕಾಲೇಜಿನ ಪಕ್ಕದಲ್ಲೇ ಸರ್ಕಾರಿ ಪ್ರಾಥಮಿಕ ಶಾಲೆ ಇರುವ ಊರುಗಳು ನಮ್ಮಲ್ಲಿ ಎಷ್ಟಿಲ್ಲ! ಕಾರೂ ಬೇಡ, ಬಸ್ಸೂ ಬೇಡ. ಶಿಕ್ಷಣಶಾಸ್ತ್ರದ ಉಪನ್ಯಾಸಕರೂ ಆ ಶಾಲೆಯ ಮುಖ್ಯ ಶಿಕ್ಷಕರೂ ಒಂದು ಸಂಜೆ ಕೂತು ಮಾತಾಡಿ, ಮೇಲಿನವರಿಂದ ಒಪ್ಪಿಗೆ ಪಡೆದರೆ 16 ಗಂಟೆ ಹೊಂದಿಸಬಹುದು.

ಕೊನೆಗೆ ಕಾಗದಪತ್ರ. ಗಂಟೆಯ ಹಾಳೆಯಲ್ಲಿ ಪ್ರತಿ ಭೇಟಿಯ ದಿನಾಂಕ, ಒಳಬಂದ ಮತ್ತು ಹೊರಟ ಸಮಯ, ತರಗತಿಯ ಮಟ್ಟ, ಮಾಡಿದ ಕೆಲಸ, ಶಿಕ್ಷಕಿಯ ಸಹಿ ಆಯಾ ದಿನವೇ ಬೀಳಬೇಕು. ತಿಂಗಳ ಕೊನೆಗೆ ಒಟ್ಟಿಗೆ ಹಾಕಿಸಿಕೊಳ್ಳೋಣ ಎಂದರೆ ಆ ಶಿಕ್ಷಕಿ ಹೆರಿಗೆ ರಜೆಗೆ ಹೋಗಿರುತ್ತಾರೆ, ಬದಲಿ ಬಂದವರು ತಾವು ನೋಡದ್ದಕ್ಕೆ ಸಹಿ ಹಾಕುವುದಿಲ್ಲ, ಹಾಕಲೂಬಾರದು. ಮೂಲ ಹಾಳೆ ಕಾಲೇಜಿಗೆ ಹೋಗುತ್ತದೆ. ಅದರ ಒಂದು ಪ್ರತಿ, ಆ ವರ್ಷದ ಸಿಲಬಸ್, ಮತ್ತು ವೀಕ್ಷಣಾ ಪುಸ್ತಕ ಮನೆಯ ಫೈಲಿನಲ್ಲಿ ಇರಲಿ. ನಾಲ್ಕು ವರ್ಷದ ನಂತರ ತರಬೇತಿ ಕಾರ್ಯಕ್ರಮದವರು ಆ ಹಾಳೆಯನ್ನೂ ಸಿಲಬಸ್ಸನ್ನೂ ಕೇಳಿಯಾರು. ವೀಕ್ಷಣಾ ಪುಸ್ತಕವನ್ನು ಯಾರೂ ಕೇಳುವುದಿಲ್ಲ, ಅದು ಮೊದಲ ಸಲ ತನ್ನದೇ 22 ಮಕ್ಕಳ ಮುಂದೆ ನಿಂತು, 13ರಿಂದ 5 ಕಳೆಯಲು ಹೇಳಿ 9 ಎಂಬ ಉತ್ತರ ಕೇಳುವವರಿಗೆ.